ಒರಳಿನಲ್ಲಿ ಕುಟ್ಟಿದ ಗುರಾಣಿ

ರಾಧಾಮಣಿ ನನ್ನ ಹೆಂಡತಿ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಟ್ಟಿಕೊಂಡ ಹೆಂಡತಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೇನಯ್ಯಾ ಎಂದು ನೀವು ನಗಬಹುದು. ನಗಿ, ನನಗೇನೂ ಬೇಜಾರಿಲ್ಲ. ಹೊಸೂರಿನ ರಾಯಕೋಟೆ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಗೇಟು, ಗ್ರಿಲ್ಲು, ಶಟರ್ ಮಾಡಿಕೊಂಡು ಬಂದವನು ನಾನು, ಚಿಕ್ಕಮುನಿಯಪ್ಪ. ಊರು ಉದ್ದನಪಲ್ಲಿ. ಈ ರಸ್ತೆಯಲ್ಲಿ ಕಬ್ಬಿಣದ ಕೆಲಸ ಎಂದರೆ ನನ್ನ ಹೆಸರು ಹೇಳುತ್ತಾರೆ. ಅಂಥ ನನ್ನ ಮನೆಯಲ್ಲೇ, ನನಗೆ ಮುದ್ದೆ ತಿರುವಿ ಹಾಕುವ ಹೆಂಗಸಿನ ಕೈ ನನ್ನ ಕೈಗಿಂತ ಮೇಲು ಎಂದು ಗೊತ್ತಾದರೆ ನಿಮಗೆ ಹೇಗಾಗುತ್ತದೆ, ಹೇಳಿ ನೋಡೋಣ.

ಅವಳಪ್ಪ ಹನುಮಯ್ಯನವರು ಡೆಂಕಣಿಕೋಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಹೆಗಲ ಮೇಲೆ ತಿದಿ, ಕೈಯಲ್ಲಿ ಒಂದು ತಗಡಿನ ಟ್ರಂಕು. ಅಂಚೆಟ್ಟಿ ಕಡೆಯ ಬೆಟ್ಟದ ಹಳ್ಳಿಗಳಿಗೆ ಬಸ್ಸು ಸಿಕ್ಕರೆ ಬಸ್ಸಿನಲ್ಲಿ, ಇಲ್ಲದಿದ್ದರೆ ನಡೆದುಕೊಂಡು ಹೋಗುತ್ತಿದ್ದರು. ತೂತು ಬಿದ್ದ ಬಿಂದಿಗೆಗೆ ಬೆಸುಗೆ, ನೆಗ್ಗಿದ ದಬರಿಗೆ ನಾಲ್ಕು ಏಟು, ಹಿತ್ತಾಳೆ ಚರಿಗೆಗೆ ಕಲಾಯಿ. ಇಸ್ಕೂಲಿಗೆ ರಜ ಬಂದರೆ ರಾಧಾಮಣಿಯೂ ಹಿಂದೆ ಹೋಗಿ ತಿದಿ ಒತ್ತುತ್ತಿದ್ದಳಂತೆ. ಅಪ್ಪ ತೀರಿಹೋದ ಮೇಲೆ ಅವಳ ಪಾಲಿಗೆ ಬಂದದ್ದು ಆ ಟ್ರಂಕು ಒಂದೇ. ಮದುವೆಯಾಗಿ ನಮ್ಮ ಮನೆಗೆ ಬರುವಾಗ ಅದನ್ನೂ ತಂದಳು. ಒಳಗಿದ್ದದ್ದು ಎರಡೇ ಸಾಮಾನು: ತಗಡು ಬಡಿಯುವ ಹುಣಸೆಮರದ ಒಂದು ಕೊಡತಿ, ಗುಂಡು ಮೂತಿಯ ಒಂದು ಸಣ್ಣ ಸುತ್ತಿಗೆ.

ಮದುವೆಯಾದ ಮೊದಲನೇ ತಿಂಗಳು. ಮನೆಯ ಮುಂದೆಯೇ ನನ್ನ ಅಂಗಡಿ. ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು, ನಾನು ಆಗ ತಾನೇ ಮುಗಿಸಿದ್ದ ಗೇಟನ್ನು ಒಂದು ನಿಮಿಷ ನೋಡಿದಳು.

"ಎಡಗಡೆ ಮೂಲೆ ಒಂದೆಳೆ ಇಳಿದೈತೆ, ಅಲ್ವಾ?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಒಳಗೆ ಹೋದ ಮೇಲೆ ಯಾರಿಗೂ ಕಾಣದ ಹಾಗೆ ಮೂಲೆಮಟ್ಟ ಇಟ್ಟು ನೋಡಿದೆ. ಇಳಿದಿತ್ತು. ಅವತ್ತೇ ಹೇಳಿಬಿಟ್ಟೆ: "ಇನ್ಮ್ಯಾಕೆ ಅಂಗಡಿ ಕಡೆ ಬರಬ್ಯಾಡ ಕಣೇ, ಗಂಡಸ್ರು ಓಡಾಡೋ ಜಾಗ." ಅವಳು ಸರಿ ಎಂದಳು. ಗುಲಾಬಿ ತೋಟವೊಂದರಲ್ಲಿ ಹೂವು ಆರಿಸಿ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು.

ಆದರೆ ಕೈ ಸುಮ್ಮನಿರಬೇಕಲ್ಲ! ಪಕ್ಕದ ಮನೆಯವಳ ಕುಕ್ಕರ್ ಮುಚ್ಚಳ ಸೊಟ್ಟಗಾಯಿತು ಎಂದು ಹಿತ್ತಲಲ್ಲಿ ಕೂತು ಸರಿಮಾಡಿಕೊಟ್ಟಳು. ಅಷ್ಟೇ, ಬೀದಿಗೆಲ್ಲ ಸುದ್ದಿಯಾಯಿತು. ನೆಗ್ಗಿದ ಪಾತ್ರೆ ಸೆರಗಿನಲ್ಲಿ ಇಟ್ಟುಕೊಂಡು ಹೆಂಗಸರು ಬರುತ್ತಾರೆ. ಅಂಗಡಿಯ ಮುಂದೆ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನಾನು ಕಂಬದಂತೆ ನಿಂತಿರುತ್ತೇನೆ. ನನ್ನನ್ನು ದಾಟಿಕೊಂಡು ಹೋಗಿ "ರಾಧಕ್ಕ ಒಳಗವ್ರಾ?" ಎನ್ನುತ್ತಾರೆ. ನನ್ನ ಜೊತೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿರುವ ಕುಮಾರೇಶ್ ಅದನ್ನು ನೋಡಿ ಮೀಸೆಯೊಳಗೇ ನಗುತ್ತಾನೆ. ಹೊಟ್ಟೆ ಉರಿಯದೆ ಇರುತ್ತದಾ?

ಇಷ್ಟಾದರೂ ತಡೆದುಕೊಂಡಿದ್ದೆ. ತಡೆಯಲಾಗದೆ ಹೋದದ್ದು ಮೂರು ವರ್ಷದ ಹಿಂದೆ, ಆ ಗುರಾಣಿಯ ವಿಷಯದಲ್ಲಿ.

ನಮ್ಮ ಬಡಾವಣೆಯ ಸಂಘದವರು ಆಯುಧಪೂಜೆಯ ಸಂಜೆ ಮಕ್ಕಳಿಗೆ ವೇಷದ ಸ್ಪರ್ಧೆ ಇಡುತ್ತಾರೆ. ವೇದಿಕೆ ಹತ್ತಿದ ಪ್ರತಿ ಮಗುವಿನ ಬಾಯಿಗೂ ಮೈಕು ಹಿಡಿದು, ಈ ವೇಷ ಯಾರು ಮಾಡಿಕೊಟ್ಟರು ಎಂದು ಕೇಳುವುದು ಅಲ್ಲಿನ ಪದ್ಧತಿ. ಅಪ್ಪ ಎಂದರೆ ಅಪ್ಪನಿಗೆ ಚಪ್ಪಾಳೆ, ಅಮ್ಮ ಎಂದರೆ ಅಮ್ಮನಿಗೆ ಚಪ್ಪಾಳೆ. ನಮ್ಮ ಮಗಳು ದಿವ್ಯ ಆಗ ಏಳನೇ ಕ್ಲಾಸು. ಉಳಿದ ಮಕ್ಕಳ ಹಾಗೆ ಸಿನಿಮಾದ ಸೂಪರ್ ಹೀರೋ ಅವಳಿಗೆ ಬೇಡವಂತೆ. ತಾನೇ ಒಬ್ಬಳನ್ನು ಹುಟ್ಟಿಸಿದ್ದಳು, ಹೆಸರು 'ರಾಗಿ ರಕ್ಷಕಿ'. ಡೆಂಕಣಿಕೋಟೆಯ ಕಾಡಂಚಿನಲ್ಲಿ ಆನೆ ಹೊಲಕ್ಕೆ ನುಗ್ಗಿದರೆ ಜನ ತಟ್ಟೆ, ಡಬ್ಬ ಬಡಿದು ಓಡಿಸುವುದನ್ನು ಅಜ್ಜಿಯ ಮನೆಯಲ್ಲಿ ನೋಡಿದ್ದಳು. ಇವಳ ರಕ್ಷಕಿಯ ಕೈಯಲ್ಲಿ ಒಂದು ಗುರಾಣಿ, ಅದಕ್ಕೆ ಒಂದು ಏಟು ಹಾಕಿದರೆ ಕಾಡಿನ ಆನೆಗಳೆಲ್ಲ ಹಿಂದಕ್ಕೆ ತಿರುಗಬೇಕು.

"ಅಮ್ಮಾ, ನಂಗೆ ಗುರಾಣಿ ಮಾಡ್ಕೊಡು. ರಟ್ಟಿಂದು ಬ್ಯಾಡ. ಬಡಿದ್ರೆ ಟಂಗ್ ಅನ್ಬೇಕು. ಒಂದೇ ಕೈಲಿ ಎತ್ತಂಗಿರ್ಬೇಕು," ಎಂದಳು.

ಕೇಳಿದ್ದು ಯಾರನ್ನು? ಅಮ್ಮನನ್ನು! ಪಕ್ಕದಲ್ಲೇ ಊಟಕ್ಕೆ ಕೂತಿದ್ದೇನೆ ನಾನು. ಹೊರಗೆ ಎರಡು ವೆಲ್ಡಿಂಗ್ ಮಿಷಿನ್ನು, ಕಟ್ಟರು, ಡ್ರಿಲ್ಲು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

"ಏನಮ್ಮಿ, ಅಪ್ಪ ಕಣ್ಣಿಗೆ ಕಾಣಿಸ್ಲಿಲ್ವಾ ನಿಂಗೆ?"

"ನೀನು ಬಿಡಪ್ಪ. ನಾಳೆ, ನಾಡಿದ್ದು ಅಂತೀಯ. ಹೋದ್ ವರ್ಷ ಸೈಕಲ್ ಸ್ಟ್ಯಾಂಡ್ ಕೇಳಿದ್ದೆ, ಇನ್ನೂ ಬರ್ಲೇ ಇಲ್ಲ."

ಸುಳ್ಳಲ್ಲ, ಅದು ಬಂದಿರಲಿಲ್ಲ. ಆದರೆ ಅವತ್ತು ರಾತ್ರಿಯಿಂದ ನನ್ನ ತಲೆಯಲ್ಲಿ ಬೇರೆ ಏನೂ ಓಡಲಿಲ್ಲ. ಬೀದಿಯವರೆಲ್ಲ ಕೂತಿರುವಾಗ, ಮೈಕಿನಲ್ಲಿ, "ನಮ್ಮಪ್ಪ" ಎಂದು ನನ್ನ ಮಗಳ ಬಾಯಲ್ಲಿ ಬರಬೇಕು. "ನಮ್ಮಮ್ಮ" ಎಂದು ಬರಕೂಡದು. ಅಷ್ಟೇ ನನ್ನ ಹಟ. ಚಿಕ್ಕ ಮಗುವಿನ ಹಟ ಅನ್ನಿ, ಪರವಾಗಿಲ್ಲ.

ರಾಧಾಮಣಿ ಹೆಚ್ಚು ಖರ್ಚು ಮಾಡುವವಳಲ್ಲ. ಭಾನುವಾರ ಗುಜರಿ ಅಂಗಡಿಗೆ ಹೋಗಿ, ಮದುವೆ ಮನೆಗಳಲ್ಲಿ ಅನ್ನದ ಪಾತ್ರೆಗೆ ಮುಚ್ಚುವ ದೊಡ್ಡ ಅಲ್ಯೂಮಿನಿಯಂ ಮುಚ್ಚಳ ಒಂದನ್ನು ತೂಕಕ್ಕೆ ಹಾಕಿಸಿಕೊಂಡು ಬಂದಳು. ಅಂಚು ಜಜ್ಜಿಹೋಗಿತ್ತು, ಹಿಡಿ ಕಿತ್ತುಹೋಗಿ ನಡುವೆ ಎರಡು ತೂತು ಮಾತ್ರ ಉಳಿದಿತ್ತು. ಅದನ್ನು ನೋಡಿ ನನಗೆ ಖುಷಿಯೋ ಖುಷಿ. ಕಬ್ಬಿಣವಾದರೆ ಕೆಂಪಗೆ ಕಾಯುತ್ತದೆ, ಹದ ಕಣ್ಣಿಗೆ ಕಾಣುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಬಣ್ಣ ತಿರುಗುವುದೇ ಇಲ್ಲ, ಕಾಯಿತಾ ಕಾಯಿತಾ ಎಂದು ನೋಡುತ್ತಿರುವಾಗಲೇ ಕರಗಿ ತೂತು ಬೀಳುತ್ತದೆ. ಕಾಯಿಸದೆ ಬಡಿದರೆ ಸೀಳಿಹೋಗುತ್ತದೆ. ಮಾಡಲಿ, ಮಾಡಲಿ, ನಾನೂ ನೋಡುತ್ತೇನೆ ಎಂದುಕೊಂಡು ಹಿತ್ತಲ ಬಾಗಿಲಲ್ಲಿ ಬೀಡಿ ಹಚ್ಚಿ ನಿಂತೆ.

ಅವಳು ಬಟ್ಟೆ ಸೋಪು ತೆಗೆದುಕೊಂಡು ಮುಚ್ಚಳದ ಮೈಗೆಲ್ಲ ತಿಕ್ಕಿದಳು. ಮೂರು ಕಲ್ಲಿಟ್ಟು ಸೌದೆ ಒಲೆ ಹೂಡಿ, ಅದರ ಮೇಲೆ ಮುಚ್ಚಳವನ್ನು ತಿರುಗಿಸುತ್ತಾ ಹೋದಳು. ಸೋಪು ಮೊದಲು ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ಕಪ್ಪು.

"ನೋಡು ದಿವ್ಯಾ, ಸೋಪು ಕಪ್ಪಗಾಯ್ತಾ, ಆಗ ಇಳಿಸ್ಬಿಡ್ಬೇಕು. ಅದೇ ಹದ. ನಿಮ್ ತಾತ ಹಂಗೇ ಹೇಳ್ತಿದ್ರು."

ಆರಿದ ಮೇಲೆ ಆ ಜಜ್ಜಿದ ಅಂಚನ್ನು ಬೆರಳಲ್ಲೇ ಒತ್ತಿದಳು. ಚಪಾತಿ ಹಿಟ್ಟಿನ ಹಾಗೆ ಬಗ್ಗಿತು. ಅಷ್ಟು ವರ್ಷ ಲೋಹದ ಜೊತೆ ಒದ್ದಾಡಿದ ನನಗೆ ಈ ಸೋಪಿನ ವಿಷಯ ಗೊತ್ತಿರಲಿಲ್ಲ.

"ಅಣ್ಣಾ, ಅಕ್ಕ ಯಾವ ಐಟಿಐಲಿ ಓದಿದ್ದು?" ಎಂದ ಕುಮಾರೇಶ್, ಹಿಂದಿನಿಂದ.

"ಮುಚ್ಕೊಂಡ್ ಕೆಲಸ ನೋಡ್ಲಾ," ಎಂದೆ.

ಮಾರನೇ ದಿನವೇ ನಾನೂ ಶುರು ಮಾಡಿದೆ. ಒಂದು ಶಟರ್ ಕೆಲಸವನ್ನು ಪಕ್ಕಕ್ಕಿಟ್ಟು, ದಪ್ಪ ಕಬ್ಬಿಣದ ಶೀಟಿನಲ್ಲಿ ದುಂಡಗೆ ಕತ್ತರಿಸಿ, ಸುತ್ತ ಸರಳು ಬಾಗಿಸಿ ವೆಲ್ಡ್ ಮಾಡಿ, ಗೇಟಿಗೆ ಹಾಕುವ ಒಳ್ಳೆಯ ಹಿಡಿಯೊಂದನ್ನು ಹಿಂದೆ ಕೂರಿಸಿದೆ. ಗ್ರೈಂಡರ್ ಹಾಕಿ ಫಳಫಳ ಹೊಳೆಸಿದೆ. ಸಂಜೆ ದಿವ್ಯ ಸ್ಕೂಲಿನಿಂದ ಬಂದದ್ದೇ ತಡ, ಕೈಗೆ ಕೊಟ್ಟೆ. ಪಾಪ, ಮಗು ಆಸೆಯಿಂದಲೇ ತೆಗೆದುಕೊಂಡಿತು. ಎರಡೂ ಕೈಯಲ್ಲಿ ಎತ್ತಿತು, ಹಲ್ಲು ಕಚ್ಚಿ ಎರಡು ಹೆಜ್ಜೆ ಇಟ್ಟಿತು, ಮೂರನೆಯದಕ್ಕೆ ಕಾಲ ಮೇಲೆ ಬೀಳಿಸಿಕೊಂಡಿತು.

"ಅಪ್ಪಾ, ಇದು ಗುರಾಣಿ ಅಲ್ಲ, ಗೇಟು," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಕುಮಾರೇಶ್ ಕೋಲು ತೆಗೆದುಕೊಂಡು ಅದಕ್ಕೆ ಒಂದು ಬಡಿದ. ದಡ್ ಎಂದಿತು. "ಆನೆ ಇದ್ಕೆ ಎಲ್ಲಣ್ಣ ಓಡುತ್ತೆ? ಯಾರೋ ಬಾಗಿಲು ತಟ್ತಾವ್ರೆ ಅಂತ ತಿರುಗಿ ನೋಡುತ್ತೆ ಅಷ್ಟೇ," ಎಂದ. ಇವತ್ತಿಗೂ ನಮ್ಮ ಮನೆ ನೀರಿನ ತೊಟ್ಟಿಗೆ ಮುಚ್ಚಳ ಅದೇ.

ರಾಧಾಮಣಿ ನಗಲಿಲ್ಲ. ಮಗಳ ಕಾಲಿಗೆ ಅರಿಶಿಣ ಹಚ್ಚುತ್ತಾ, "ಒಳ್ಳೆ ದುಂಡಗೆ ಬಂದೈತೆ, ತೂಕ ಒಂದು ಜಾಸ್ತಿ ಆಗೋಯ್ತು," ಎಂದಳು. ಅವಳು ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆ ವಾರವೆಲ್ಲ ಹಬ್ಬದ ಹೂವಿಗೆ ಬೇಡಿಕೆ ಹೆಚ್ಚಾಗಿ ಗುಲಾಬಿ ತೋಟದಲ್ಲಿ ಅವಳಿಗೆ ಬಿಡುವೇ ಸಿಗಲಿಲ್ಲ. ಗುರಾಣಿಯ ಅಂಚು ಮಾತ್ರ ಸರಿಯಾಗಿತ್ತು. ಮುಚ್ಚಳ ಇನ್ನೂ ಚಪ್ಪಟೆ, ಅದರ ಹೊಟ್ಟೆ ಉಬ್ಬಿಸುವುದೇ ದೊಡ್ಡ ಕೆಲಸ. ಹಬ್ಬದ ಹಿಂದಿನ ದಿನ ಮಗಳಿಗೆ ಹೇಳುತ್ತಿದ್ದಳು: "ನಾಳೆ ರಜ. ಪೂಜೆ ಮುಗಿಸ್ಕೊಂಡು ತಾತನ್ ಕೊಡತಿ ತಗೊಂಡ್ ಕೂತ್ರೆ ಮಧ್ಯಾಹ್ನಕ್ಕೆ ಆಗೋಗುತ್ತೆ."

ಅದು ನನ್ನ ಕಿವಿಗೆ ಬಿತ್ತು. ಬಿದ್ದ ಕೂಡಲೇ ಒಂದು ಕೆಟ್ಟ ಯೋಚನೆಯೂ ಬಂತು.

ಆಯುಧಪೂಜೆ ನಮ್ಮಂಥವರಿಗೆ ಎಲ್ಲಕ್ಕಿಂತ ದೊಡ್ಡ ಹಬ್ಬ. ಅನ್ನ ಕೊಡುವ ಸಾಮಾನನ್ನೆಲ್ಲ ತೊಳೆದು, ವಿಭೂತಿ, ಅರಿಶಿಣ, ಕುಂಕುಮ ಹಚ್ಚಿ ದೇವರ ಮುಂದೆ ಇಡುತ್ತೇವೆ. ಇಟ್ಟ ಮೇಲೆ ಮಾರನೇ ದಿನ ಬೆಳಿಗ್ಗೆ ಪೂಜೆ ಮಾಡಿ ತೆಗೆಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಬೀದಿಗೆ ಬೀದಿಯೇ ಹಾಗೆ. ಅವತ್ತು ಯಾರ ಮನೆಯಲ್ಲಿ ಕೇಳಿದರೂ ಒಂದು ಸ್ಪ್ಯಾನರ್ ಕೂಡ ಹುಟ್ಟುವುದಿಲ್ಲ.

ನಾನು ಬೆಳಿಗ್ಗೆ ಬೇಗ ಎದ್ದೆ. ರಾಧಾಮಣಿ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಮಂಚದ ಕೆಳಗಿನ ಟ್ರಂಕು ಎಳೆದು, ಆ ಕೊಡತಿಯನ್ನೂ ಸುತ್ತಿಗೆಯನ್ನೂ ತೆಗೆದೆ. ಎಣ್ಣೆ ಹಾಕಿ ಒರೆಸಿದೆ. ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಟ್ಟೆ. ನನ್ನ ಸುತ್ತಿಗೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ದೇವಿಯ ಪಟದ ಮುಂದೆ ನಟ್ಟನಡುವೆ ಅವನ್ನಿಟ್ಟು, ಮೇಲೊಂದು ಗುಲಾಬಿಯನ್ನೂ ಇಟ್ಟೆ. ಭಕ್ತಿ ಎಂದುಕೊಳ್ಳಬೇಡಿ. ಅವಳ ಕೈ ಕಟ್ಟಿಹಾಕಬೇಕಿತ್ತು, ಕಟ್ಟಿದೆ. ಅದೂ ಸಾಲದು ಎಂದು ಅಡುಗೆಮನೆಗೆ ಹೋಗಿ ಚಾಕು, ಈಳಿಗೆಮಣೆ, ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ಕೊನೆಗೆ ಲಟ್ಟಣಿಗೆಗೂ ಕುಂಕುಮ ಇಟ್ಟು ಬಂದೆ.

ಅವಳು ಒದ್ದೆ ತಲೆಗೆ ಟವಲ್ಲು ಸುತ್ತಿಕೊಂಡು ಬಂದಳು. ಪಟದ ಮುಂದೆ ನಿಂತಳು. ಏನಾದರೂ ಅಂದರೆ ಜವಾಬು ಸಿದ್ಧವಾಗಿತ್ತು: ನಿಮ್ಮಪ್ಪನ ಸಾಮಾನಿಗೆ ಪೂಜೆ ಬ್ಯಾಡ್ವೇನೇ? ಅಷ್ಟು ಕೇಳಿದರೆ ಯಾವ ಮಗಳು ಬಾಯಿ ತೆರೆಯುತ್ತಾಳೆ!

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹದಿನಾರು ವರ್ಷ ಆಯ್ತು," ಎಂದಳು. "ಪ್ರತಿ ಹಬ್ಬಕ್ಕೂ ನಿಮ್ ಸುತ್ತಿಗೆಗಳೆಲ್ಲ ದೇವರ ಮುಂದೆ ಕೂತಿರ್ತಿದ್ವು. ನಮ್ಮಪ್ಪಂದು ಟ್ರಂಕಲ್ಲೇ ಇರ್ತಿತ್ತು. ನಂಗೂ ಕೇಳಕ್ಕೆ ಬಾಯಿ ಬರ್ಲಿಲ್ಲ. ಕೇಳ್ದೇನೇ ಇಟ್ರಲ್ಲ ನೀವು. ಅದೂ ನಡೂಮಧ್ಯ."

ಕೆಳಗೆ ಬಗ್ಗಿ, ಆ ಸುತ್ತಿಗೆಯ ಮುಂದೆ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕಾರ ಮಾಡಿದಳು.

ಆಗಲೇ ಹೇಳಬಹುದಿತ್ತು. 'ತಗೊಳ್ಳೇ, ಪರವಾಗಿಲ್ಲ, ಕೆಲಸ ಮುಗಿಸ್ಕೋ' ಎನ್ನಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಇಟ್ಟೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಅಮ್ಮಾ, ನನ್ ಗುರಾಣಿ?" ಎಂದಳು ದಿವ್ಯ, ಅಳುವ ಮುಖದಲ್ಲಿ.

"ತಾತನ್ ಸುತ್ತಿಗೆ ಇವತ್ತು ದೇವರಾಗಿ ಕೂತೈತೆ ಕಣಮ್ಮ, ಮುಟ್ಬಾರ್ದು. ಬೇರೆ ಏನಾದ್ರೂ ನೋಡಾನ ಬಾ," ಎಂದು ಮಗಳ ಕೈ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು. ಎಲ್ಲಿ ನೋಡಿದರೂ ನನ್ನ ಕುಂಕುಮ. ಕೊನೆಗೆ ಹಿತ್ತಲಿಗೆ ಹೋದಳು.

ಹಿತ್ತಲನ್ನು ನಾನು ಮರೆತಿದ್ದೆ. ಕರಿಬೇವಿನ ಗಿಡದ ಬುಡದಲ್ಲಿ ನಮ್ಮವ್ವನ ಕಾಲದ ಒರಳುಕಲ್ಲು ಬಿದ್ದಿತ್ತು. ಮಿಕ್ಸಿ ಬಂದ ಮೇಲೆ ಅದರ ಗುಂಡಿಯಲ್ಲಿ ನಿಂತ ಮಳೆ ನೀರನ್ನು ಕಾಗೆಗಳು ಕುಡಿಯುತ್ತಿದ್ದವು. ನಮ್ಮವ್ವನ ಒನಕೆಯೂ ಅಲ್ಲೇ, ಬಟ್ಟೆ ಹಗ್ಗಕ್ಕೆ ಆನಿಸಿ ನಿಲ್ಲಿಸಿದ್ದು ಹಾಗೇ ಇತ್ತು. ಮಿಕ್ಸಿಗೆ ಕುಂಕುಮ ಇಟ್ಟೆ, ಲಟ್ಟಣಿಗೆಗೂ ಇಟ್ಟೆ, ನಮ್ಮನ್ನು ಸಾಕಿದ ಒರಳಿಗೆ ಇಡಲಿಲ್ಲ, ನೋಡಿ!

ಸ್ವಲ್ಪ ಹೊತ್ತಿಗೆ ಧಬ್, ಧಬ್ ಎಂದು ಶುರುವಾಯಿತು. ಪೂಜೆ ಮಾಡಿಟ್ಟ ಅಂಗಡಿಯಲ್ಲಿ ನಾನು ಕೈ ಕಟ್ಟಿ ಕೂತಿದ್ದೆ. ಅವಳನ್ನು ಕಟ್ಟಿಹಾಕಲು ಹೋಗಿ ನನಗೇ ಮಾಡಲು ಕೆಲಸವಿರಲಿಲ್ಲ. ಪೂಜೆಯ ಪುರಿ, ಕಡ್ಲೆ ತೆಗೆದುಕೊಂಡು ಹೋಗಲು ಬಂದ ಕುಮಾರೇಶ್ ಹಿತ್ತಲಿಗೆ ಇಣುಕಿ ಓಡಿಬಂದ.

"ಅಣ್ಣಾ, ಬಾ ಬಾ, ಬಂದು ನೋಡು!"

ಹೋಗಬಾರದು ಎಂದುಕೊಂಡೇ ಹೋದೆ. ಒರಳಿನ ಗುಂಡಿಯ ಮೇಲೆ ಮುಚ್ಚಳ. ಒನಕೆಯ ತುದಿಗೆ ಹಳೇ ಸೀರೆಯ ಬಟ್ಟೆ ಸುತ್ತಿ ಕಟ್ಟಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು ಮೆಲ್ಲಗೆ ಕುಟ್ಟುತ್ತಿದ್ದಾಳೆ. ಒಂದೊಂದು ಏಟಿಗೂ ದಿವ್ಯ ಮುಚ್ಚಳವನ್ನು ಎರಡು ಬೆರಳಷ್ಟು ತಿರುಗಿಸುತ್ತಾಳೆ. ಅಂಚಿನಿಂದ ಸುತ್ತ ಸುತ್ತ ಒಳಕ್ಕೆ ಬರುತ್ತಿದ್ದಾರೆ ಅಮ್ಮ, ಮಗಳು. ಸುತ್ತಿಗೆಯಾದರೆ ಏಟಿನ ಗುರುತು ಉಳಿಯುತ್ತಿತ್ತು. ಇದರಲ್ಲಿ ಒಂದು ಗುರುತೂ ಇಲ್ಲ. ಎಣ್ಣೆಯಲ್ಲಿ ಉಬ್ಬಿದ ಪೂರಿಯ ಹಾಗೆ ಎಲ್ಲ ಕಡೆ ಸಮವಾಗಿ ಎದ್ದಿತ್ತು. ನನ್ನ ಕೈಯಲ್ಲಿ ಈ ಜನ್ಮಕ್ಕೆ ಆಗದ ಕೆಲಸ ಅದು. ನನಗೆ ಗೊತ್ತಿತ್ತು, ಕುಮಾರೇಶನಿಗೂ ಗೊತ್ತಿತ್ತು.

ಆಮೇಲೆ ಬೂದಿ ಹಾಕಿ ತಿಕ್ಕಿ ಬೆಳಗಿದರು. ಹಿಡಿ ಇದ್ದ ಎರಡು ತೂತಿನಲ್ಲಿ ಹಳೇ ಸ್ಕೂಲ್ ಬ್ಯಾಗಿನ ಬೆಲ್ಟು ತೂರಿಸಿ ಗಂಟು ಹಾಕಿದರು. ಬಣ್ಣ ಸಂಜೆಗೆ ಒಣಗುವುದಿಲ್ಲವೆಂದು ದಿವ್ಯ ತನ್ನ ಕೆಂಪು ನೈಲ್ ಪಾಲಿಶಿನಲ್ಲೇ ನಡುವೆ ಒಂದು ಆನೆ ಬರೆದಳು. ಕೋಲಿನಿಂದ ಒಂದು ಏಟು ಹಾಕಿದಾಗ ಟಂಗ್ ಎಂದದ್ದು ಪಕ್ಕದ ಬೀದಿಗೆ ಕೇಳಿಸಿತು.

ಸಂಜೆ ವೇದಿಕೆಯ ಮೇಲೆ ದಿವ್ಯ ಬೆನ್ನಿಗೆ ಅಮ್ಮನ ಹಸಿರು ಸೀರೆ ಕಟ್ಟಿಕೊಂಡು, ಎಡಗೈಯಲ್ಲಿ ಗುರಾಣಿ ಎತ್ತಿ ಒಂದು ಬಡಿದಳು. ಮುಂದೆ ಕೂತಿದ್ದ ಚಿಕ್ಕ ಮಕ್ಕಳು ಕಿವಿ ಮುಚ್ಚಿಕೊಂಡರು. ಸಂಘದ ಕಾರ್ಯದರ್ಶಿ ತಿಲಕ್ ಮೈಕು ಹಿಡಿದು, "ಅಡೇಂಗಪ್ಪಾ! ಯಾರಮ್ಮಾ ಇದು ಮಾಡ್ಕೊಟ್ಟಿದ್ದು?" ಎಂದ.

ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಅಷ್ಟೆಲ್ಲ ಆದ ಮೇಲೂ ಇನ್ನೂ ಆಸೆ ನನಗೆ.

"ನಮ್ಮಮ್ಮ," ಎಂದಳು ದಿವ್ಯ. ಮುಗಿಯಿತು ಎಂದುಕೊಂಡೆ. ಆದರೆ ಅವಳು ಮೈಕು ಬಿಡಲಿಲ್ಲ. "ನಮ್ ತಾತನ್ ಸುತ್ತಿಗೆಲಿ ಮಾಡ್ಬೇಕಿತ್ತು. ಆದ್ರೆ ನಮ್ಮಪ್ಪ ಅದನ್ನ ಬೆಳಿಗ್ಗೇನೇ ದೇವರ ಮುಂದೆ ಇಟ್ಟು ಪೂಜೆ ಮಾಡ್ಬುಟ್ರು. ಅವರ ಸುತ್ತಿಗೆಗಿಂತ ಮುಂದೆ ಇಟ್ರು. ಅಮ್ಮ ಖುಷಿಗೆ ಅತ್ಬುಟ್ಲು. ಅದಕ್ಕೇ ಒರಳಲ್ಲಿ ಕುಟ್ಟಿ ಮಾಡಿದ್ದು."

ಆಮೇಲೆ ಬಿತ್ತು ನೋಡಿ ಚಪ್ಪಾಳೆ. "ಎಲ್ಲಿ ಚಿಕ್ಕಮುನಿಯಪ್ಪಣ್ಣ? ಎದ್ದು ನಿಂತ್ಕೊಳಣ್ಣ! ಮಾವನ ಮೇಲೆ ಇಂಥ ಮರ್ಯಾದೆ ಯಾರಿಗೈತೆ ಈ ಕಾಲದಲ್ಲಿ!" ಎಂದು ತಿಲಕ್ ಕೂಗಿದ. ಎದ್ದು ನಿಂತೆ. ಹೆಂಗಸರ ಕಡೆ ಕೂತಿದ್ದ ರಾಧಾಮಣಿ ನನ್ನನ್ನೇ ನೋಡುತ್ತಿದ್ದಳು. ಹದಿನಾರು ವರ್ಷದಲ್ಲಿ ಒಮ್ಮೆಯೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನನಗೆ ಬೇಕಾಗಿದ್ದ ಮಾತು, ಬೇಕಾಗಿದ್ದ ಮೈಕು, ಬೇಕಾಗಿದ್ದ ಚಪ್ಪಾಳೆ, ಎಲ್ಲ ಬಂದಿತ್ತು. ತಲೆ ಎತ್ತಲಾಗಲಿಲ್ಲ. ಜನ ಅದನ್ನು ವಿನಯ ಎಂದುಕೊಂಡರು.

ದಿವ್ಯಳಿಗೆ ಎರಡನೇ ಬಹುಮಾನ ಬಂತು. ಮಾರನೇ ಬೆಳಿಗ್ಗೆ ಪೂಜೆ ತೆಗೆಯುವಾಗ ಆ ಸುತ್ತಿಗೆಯನ್ನು ನಾನೇ ಎತ್ತಿ ರಾಧಾಮಣಿಯ ಕೈಗೆ ಕೊಟ್ಟು, "ಮೊದಲನೇ ಏಟು ನೀನೇ ಹಾಕೇ," ಎಂದೆ. ನನ್ನ ಕಬ್ಬಿಣದ ಮೇಲೆ ಅವಳು ಹಾಕಿದಳು. ಅವತ್ತಿನಿಂದ ಅಂಗಡಿಯ ಕಿಟಕಿ ಪಕ್ಕದ ಜಾಗ ಅವಳದ್ದು. ಗುಲಾಬಿ ತೋಟ ಬಿಟ್ಟಳು. ಈಗ ಸ್ಕೂಲುಗಳ ನಾಟಕಕ್ಕೆ ಗುರಾಣಿ, ಕಿರೀಟ, ಎದೆಕವಚ ಎಲ್ಲ ಅವಳೇ ಮಾಡುತ್ತಾಳೆ. ಮೇಷ್ಟರುಗಳು ಬಂದು ನನ್ನನ್ನು ದಾಟಿಕೊಂಡು ಅವಳ ಹತ್ತಿರ ಹೋಗುತ್ತಾರೆ. ಆಗಾಗ ನನ್ನ ಗೇಟಿನ ಮೂಲೆ ನೋಡಿ "ಇಳಿದೈತೆ" ಎನ್ನುತ್ತಾಳೆ. ಇಳಿದಿರುತ್ತದೆ. ಉರಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಅದನ್ನು ನುಂಗಿಕೊಳ್ಳುವುದು ಕಲಿತಿದ್ದೇನೆ.

ನುಂಗಲಾಗದ್ದು ಬೇರೆಯೇ ಒಂದಿದೆ. ಪ್ರತಿ ಆಯುಧಪೂಜೆಗೂ ಮನೆಗೆ ಬಂದವರಿಗೆಲ್ಲ ರಾಧಾಮಣಿ ಆ ಸುತ್ತಿಗೆ ತೋರಿಸಿ, ಪುರಿ, ಕಡ್ಲೆ ಕೊಡುತ್ತಾ ಆ ಬೆಳಗಿನ ವಿಷಯ ಹೇಳುತ್ತಾಳೆ. ಕೇಳದೇನೇ ಇಟ್ರು, ಎಣ್ಣೆ ಹಾಕಿ ಒರೆಸಿದ್ರು, ತಮ್ಮದನ್ನೆಲ್ಲ ಪಕ್ಕಕ್ಕೆ ಸರಿಸಿದ್ರು ಎನ್ನುತ್ತಾಳೆ. ನಿಜ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅವಳು ಹೇಳುವಾಗ ನಾನು ಬಾಗಿಲ ಪಕ್ಕ ನಿಂತು ಕೇಳುತ್ತಿರುತ್ತೇನೆ. ಅವಳ ಮಾತಿನಲ್ಲಿ ಬರುವ ಆ ಗಂಡ ಎಷ್ಟು ಒಳ್ಳೆಯವನು! ಅವನ ಹೆಸರು ಬಂದರೆ ಅವಳ ಮುಖ ಹೇಗೆ ಅರಳುತ್ತದೆ! ಹೆಂಡತಿಯ ಮೇಲಿನ ಹೊಟ್ಟೆಕಿಚ್ಚು ಏನೂ ಅಲ್ಲ ಬಿಡಿ. ಆ ಗಂಡನನ್ನು ಕಂಡರೆ ನನ್ನ ಹೊಟ್ಟೆ ಉರಿದುಹೋಗುತ್ತದೆ.